ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿರಾ? ಮೊದಲ ಒಂದು ವರ್ಷ ದಾಟುವ ಬಗೆ

ಮಂಗಳೂರಿನ ಕಂಕನಾಡಿ ಕಡೆಯ ಒಂದು ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತು ನನಗೆ ಹತ್ತೊಂಬತ್ತು ವರ್ಷ ಆಯಿತು. ಸುತ್ತಮುತ್ತ ಬೇಕಾದಷ್ಟು ಆಸ್ಪತ್ರೆಗಳಿರುವುದರಿಂದ ಹೃದಯದ ಚೀಟಿ ದಿನವೂ ಬರುತ್ತದೆ. ಆಂಜಿಯೋಪ್ಲಾಸ್ಟಿ ಆದವರು ಮೊದಲ ತಿಂಗಳು ಚೀಟಿಯಲ್ಲಿರುವ ಅಷ್ಟೂ ಮಾತ್ರೆ ಕೊಳ್ಳುತ್ತಾರೆ. ಮೂರನೇ ತಿಂಗಳಿಗೆ "ಎಲ್ಲ ಬೇಡ, ಮುಖ್ಯದ್ದು ಎರಡು ಕೊಡಿ" ಎನ್ನುತ್ತಾರೆ. ಆರನೇ ತಿಂಗಳಿಗೆ ಕೆಲವರ ಪತ್ತೆಯೇ ಇರುವುದಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದರೆ, "ಬ್ಲಾಕ್ ತೆಗೆದಾಯ್ತಲ್ಲ ಮಾರಾಯ್ರೆ, ಇನ್ನೆಂತದು ಮಾತ್ರೆ?"

ಬ್ಲಾಕ್ ತೆಗೆದದ್ದಲ್ಲ, ಬದಿಗೆ ಒತ್ತಿ ಇಟ್ಟದ್ದು. ರಕ್ತನಾಳದ ಒಳಗೋಡೆಯಲ್ಲಿ ಕೂತ ಕೊಬ್ಬಿನ ಗಡ್ಡೆಯನ್ನು ಬಲೂನಿನಿಂದ ಗೋಡೆಗೆ ಒತ್ತಿ, ಅದು ಮತ್ತೆ ಒಳಗೆ ಬಾರದ ಹಾಗೆ ಸ್ಟೆಂಟ್ ಎಂಬ ಲೋಹದ ಸಣ್ಣ ಬಲೆಯನ್ನು ಆನಿಸಿರುತ್ತಾರೆ. ಕೊಬ್ಬು ಅಲ್ಲೇ ಇದೆ. ಬೇರೆ ಕಡೆಗಳಲ್ಲೂ ಇರಬಹುದು, ನಾಳದ ಶೇಕಡಾ 30, 40ರಷ್ಟನ್ನು ಮುಚ್ಚಿ, ಸ್ಟೆಂಟ್ ಹಾಕುವಷ್ಟು ಬೆಳೆಯದೆ. ಹೃದಯಾಘಾತ ಎಷ್ಟೋ ಸಲ ಆಗುವುದು ಇಂಥ ಸಣ್ಣ ಗಡ್ಡೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗಲೇ. ಆ ಗಡ್ಡೆಗಳಿಗೆ ಮದ್ದು ಸ್ಟೆಂಟ್ ಅಲ್ಲ, ಮಾತ್ರೆ ಮತ್ತು ಮನೆ.

ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ಡೋಸಿನ ಮಾತು ನಿಮ್ಮ ಹೃದ್ರೋಗ ತಜ್ಞರದ್ದು. ಅವರು ಐದು ನಿಮಿಷದಲ್ಲಿ ಹೇಳಿ ಮುಗಿಸಿದ್ದನ್ನು ಮನೆಯಲ್ಲಿ ಒಂದು ವರ್ಷ ಹೇಗೆ ನಡೆಸಿಕೊಂಡು ಹೋಗಬಹುದು ಎನ್ನುವುದಷ್ಟೇ ಇಲ್ಲಿರುವುದು.

ಹಂತ 1: ವಾರ್ಡಿನಿಂದ ಹೊರಡುವ ಮೊದಲು

ಡಿಸ್ಚಾರ್ಜ್ ದಿನ ಮನೆಯವರೆಲ್ಲ ಬಿಲ್ಲಿನ ಹಿಂದೆ ಓಡುತ್ತಿರುತ್ತಾರೆ. ಒಬ್ಬರು ಮಾತ್ರ ವಾರ್ಡಿನಲ್ಲೇ ಕೂತು ಡಾಕ್ಟರನ್ನು ನಾಲ್ಕು ವಿಷಯ ಕೇಳಿ ಬರೆದುಕೊಳ್ಳಬೇಕು. ಯಾವ ನಾಳಕ್ಕೆ ಎಷ್ಟು ಸ್ಟೆಂಟ್ ಹಾಕಿದ್ದಾರೆ? ಉಳಿದ ನಾಳಗಳಲ್ಲಿ ಬ್ಲಾಕ್ ಇದೆಯೇ? ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್ ಶೇಕಡಾ ಎಷ್ಟು? ರಕ್ತ ಹೆಪ್ಪುಗಟ್ಟದ ಮಾತ್ರೆ ಎರಡನ್ನೂ ಎಷ್ಟು ತಿಂಗಳು ತೆಗೆದುಕೊಳ್ಳಬೇಕು? ಪಂಪಿಂಗ್ 55ರ ಮೇಲಿದ್ದರೆ ನೆಮ್ಮದಿ. 40ಕ್ಕಿಂತ ಕೆಳಗಿದ್ದರೆ ಮುಂದಿನ ಹಲವು ಹಂತಗಳು ನಿಮಗೆ ಬದಲಾಗುತ್ತವೆ. ದಿನಾ ಬೆಳಿಗ್ಗೆ ತೂಕ ನೋಡಬೇಕು, ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಬೊಜ್ಜಲ್ಲ, ಮೈಯಲ್ಲಿ ನಿಂತ ನೀರು. ಕೂಡಲೇ ಫೋನ್ ಮಾಡಬೇಕು.

ಸ್ಟೆಂಟಿನ ಕಾರ್ಡ್ ಕೇಳಿ ಪಡೆಯಿರಿ. ಕಂಪನಿ, ಅಳತೆ, ಹಾಕಿದ ತಾರೀಕು ಅದರಲ್ಲಿರುತ್ತದೆ. ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿದೆ, ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆಯೇ ಸಾಲಾಗಿ ಕಾಣಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30. ಆದರೆ ತಿಂಗಳು ತಿಂಗಳು ಕೊಳ್ಳುವ ಮಾತ್ರೆಯ ಖರ್ಚು ನಿಮ್ಮ ಕಿಸೆಯದ್ದೇ. ಅದನ್ನು ಮೊದಲೇ ಲೆಕ್ಕ ಹಾಕಿ. ಭಾರ ಅನ್ನಿಸಿದರೆ ಜನೌಷಧಿಗೆ ಹೋಗಿ, ನನ್ನ ವ್ಯಾಪಾರ ಹೋದರೂ ಚಿಂತೆಯಿಲ್ಲ. ಅಲ್ಲಿ ಕೊಂಡದ್ದನ್ನು ನುಂಗುವುದು, ನನ್ನಲ್ಲಿ ಕೊಳ್ಳದೆ ಬಿಡುವುದಕ್ಕಿಂತ ಎಷ್ಟೋ ಮೇಲು.

ಹಂತ 2: ಮಾತ್ರೆ ಡಬ್ಬ

ಈ ಹಂತ ಉದ್ದ ಇದೆ. ಇಡೀ ಬರಹದಲ್ಲಿ ಇದೊಂದನ್ನೇ ಓದಿದರೂ ಸಾಕು.

ನಮ್ಮ ಎದುರಿನ ರಿಕ್ಷಾ ಪಾರ್ಕಿನ ಅಣ್ಣನೊಬ್ಬರು ಒಮ್ಮೆ ಸ್ಟ್ರಿಪ್‌ಗಳನ್ನೆಲ್ಲ ಕೌಂಟರಿನ ಮೇಲೆ ಸುರಿದರು. ಐದು ಸ್ಟ್ರಿಪ್, ಐದಕ್ಕೂ ಕತ್ತರಿ ಹಾಕಿ ಹೆಸರಿನ ಭಾಗ ಹೋಗಿತ್ತು. ಬೆಳಗಿನದ್ದು ಯಾವುದು, ರಾತ್ರಿಯದ್ದು ಯಾವುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ. ಹೆಸರು, ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಗೆ ಉಳಿಸಿ, ಇನ್ನೊಂದು ತುದಿಯಿಂದ ಮಾತ್ರೆ ಒಡೆಯಬೇಕು. ಏಳು ದಿನದ ಖಾನೆ ಇರುವ ಪ್ಲಾಸ್ಟಿಕ್ ಡಬ್ಬ ಸಿಗುತ್ತದೆ. ಭಾನುವಾರ ರಾತ್ರಿ ಕೂತು ತುಂಬಿಸಿ. ಖಾನೆ ಖಾಲಿಯಾದರೆ ನುಂಗಿದ ಹಾಗೆ, ತುಂಬಿದ್ದರೆ ಮರೆತ ಹಾಗೆ.

ಚೀಟಿಯಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂದು ಗೊತ್ತಿದ್ದರೆ ಬಿಡುವ ಮನಸ್ಸಾಗುವುದಿಲ್ಲ. ಆಸ್ಪಿರಿನ್ 75, ಅದರ ಜೊತೆಗೆ ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್: ಇವೆರಡು ಸ್ಟೆಂಟಿನ ಕಾವಲು. ಲೋಹದ ಬಲೆಯ ಮೇಲೆ ನಾಳದ ಒಳಪೊರೆ ಬೆಳೆದು ಮುಚ್ಚುವವರೆಗೆ ರಕ್ತಕ್ಕೆ ಅದು ಪರಕೀಯ ವಸ್ತು, ಹೆಪ್ಪುಗಟ್ಟಲು ಕಾಯುತ್ತಿರುತ್ತದೆ. ಹೃದಯಾಘಾತ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡನ್ನೂ ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ನಡುವೆ ತಟಕ್ಕನೆ ಬಿಟ್ಟರೆ ಸ್ಟೆಂಟ್ ಪೂರ್ತಿ ಮುಚ್ಚಿಕೊಳ್ಳಬಹುದು, ಅದು ಮೊದಲ ಅಟ್ಯಾಕಿಗಿಂತ ಕೆಟ್ಟದ್ದು. ಟಿಕಾಗ್ರೆಲರ್ ದಿನಕ್ಕೆ ಎರಡು ಸಲ, ರಾತ್ರಿಯದ್ದನ್ನು ಮರೆಯುವವರೇ ಹೆಚ್ಚು. ಅದರಿಂದ ಕೆಲವರಿಗೆ ಉಸಿರು ಕಟ್ಟಿದಂತೆ ಆಗುವುದುಂಟು. ಹಾಗಾದರೆ ಬಿಡಬೇಡಿ, ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ.

ಅಟೊರ್ವಾಸ್ಟಾಟಿನ್ ಅಥವಾ ರೊಸುವಾಸ್ಟಾಟಿನ್ ಕೊಲೆಸ್ಟರಾಲಿನ ಮಾತ್ರೆ. ಜನ ಮೊದಲು ಬಿಡುವುದೇ ಇದನ್ನು. "ರಿಪೋರ್ಟ್ ನಾರ್ಮಲ್ ಬಂತು, ಮತ್ತೆ ಯಾಕೆ?" ನಾರ್ಮಲ್ ಬಂದದ್ದು ಮಾತ್ರೆಯಿಂದ. ಬಿಟ್ಟ ಕೆಲವೇ ವಾರದಲ್ಲಿ ಅದು ಮೊದಲಿನ ಜಾಗಕ್ಕೆ ಹೋಗುತ್ತದೆ. ಗಡ್ಡೆಯ ಮೇಲಿನ ಪೊರೆಯನ್ನು ಗಟ್ಟಿ ಮಾಡುವ ಕೆಲಸವೂ ಇದರದ್ದೇ. ತೊಡೆ, ಭುಜದ ಸ್ನಾಯು ನೋವು ಬಂದರೆ ಹೇಳಿ, ಡೋಸ್ ಇಳಿಸುವ ದಾರಿ ಇದೆ. ಮೆಟೊಪ್ರೊಲಾಲ್‌ನಂಥದ್ದು ಹೃದಯದ ಓಟ ತಗ್ಗಿಸಲು, ತಟ್ಟನೆ ನಿಲ್ಲಿಸುವ ಮಾತ್ರೆಯಲ್ಲ. ಬಿಪಿ ಇಳಿಸುವ ರಾಮಿಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು. ಅಂಥವರು ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕೊಂಡದ್ದನ್ನು ನೋಡಿದ್ದೇನೆ. ಮಾತ್ರೆ ಬದಲಿಸಿದರೆ ಕೆಮ್ಮು ಹೋಗುತ್ತದೆ.

ಇನ್ನು ಎಡವುವ ಜಾಗಗಳು.

ಹಲ್ಲು. ಹಲ್ಲು ಕೀಳಿಸಬೇಕೆಂದು ಎರಡೂ ಮಾತ್ರೆಯನ್ನು ಒಂದು ವಾರ ತಾವಾಗಿಯೇ ಬಿಟ್ಟವರುಂಟು. ಹಲ್ಲಿನ ಡಾಕ್ಟರಿಗೆ ಸ್ಟೆಂಟಿನ ಕಾರ್ಡ್ ತೋರಿಸಿ, ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಒಸಡಿನ ರಕ್ತ ಒತ್ತಿ ಹಿಡಿದರೆ ನಿಲ್ಲುತ್ತದೆ.

ಮಂಡಿನೋವು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆ ನಿಮಗೆ ಬೇಡ. ಹೊಟ್ಟೆಯಲ್ಲಿ ರಕ್ತ ಒಸರುವ ಭಯ, ಹೃದಯಕ್ಕೂ ಹೊರೆ. ನೋವಿಗೆ ಪ್ಯಾರಸಿಟಮಾಲ್. ಅಂಗಡಿಯಲ್ಲಿ ಕೇಳುವಾಗಲೇ "ಸ್ಟೆಂಟ್ ಉಂಟು" ಎಂದುಬಿಡಿ.

ಗ್ಯಾಸಿನ ಮಾತ್ರೆ. ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುವವರು ಒಮೆಪ್ರಜೋಲ್ ನುಂಗಿದರೆ ಕ್ಲೋಪಿಡೊಗ್ರೆಲ್‌ನ ಕಸುವು ಇಳಿಯುತ್ತದೆ. ಅದಕ್ಕೇ ಡಾಕ್ಟರು ಪ್ಯಾಂಟೊಪ್ರಜೋಲ್ ಬರೆಯುವುದು. "ಎರಡೂ ಒಂದೇ ಅಲ್ವಾ" ಎಂದು ಮನೆಯಲ್ಲಿದ್ದದ್ದನ್ನು ನುಂಗಬೇಡಿ.

ಮಳೆಗಾಲದ ಜ್ವರ. ನಮ್ಮ ಊರಿಗೆ ಇದು ಬಹಳ ಮುಖ್ಯ. ಮಂಗಳೂರಿನಲ್ಲಿ ಜೂನ್ ಬಂತೆಂದರೆ ಡೆಂಗಿ, ಮಲೇರಿಯ, ಇಲಿಜ್ವರ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ನೀವು ನುಂಗುತ್ತಿರುವುದು ಪ್ಲೇಟ್‌ಲೆಟ್ಟಿನ ಕೈ ಕಟ್ಟುವ ಮಾತ್ರೆ. ಜ್ವರ ಬಂದ ಮೊದಲ ದಿನವೇ ಡಾಕ್ಟರಲ್ಲಿಗೆ ಹೋಗಿ, ಚೀಟಿ ತೋರಿಸಿ, ಪ್ಲೇಟ್‌ಲೆಟ್ ನೋಡಿಸಿ. ಮಾತ್ರೆ ನಿಲ್ಲಿಸಬೇಕೋ ಬೇಡವೋ ಅವರು ಹೇಳಲಿ.

ಏಕಾದಶಿ, ರಂಜಾನ್. ಉಪವಾಸಕ್ಕೆ ಮೊದಲೇ ಕೇಳಿದರೆ ಹೊತ್ತು ಹೊಂದಿಸಿಕೊಡುತ್ತಾರೆ. ಕೇಳದೆ ಬಿಡುವುದರಿಂದಲೇ ತೊಂದರೆ. ಸಕ್ಕರೆ ಕಾಯಿಲೆಯ ಮಾತ್ರೆಯೂ ಇದ್ದರೆ ಇನ್ನಷ್ಟು ಎಚ್ಚರ ಬೇಕು.

ಹಂತ 3: ಮೊದಲ ಹತ್ತು ದಿನದ ಮೈಕೆಲಸ

ಈಗ ಹೆಚ್ಚಾಗಿ ಕೈಮಣಿಕಟ್ಟಿನ ನಾಳದಿಂದಲೇ ಆಂಜಿಯೋಪ್ಲಾಸ್ಟಿ ಮಾಡುತ್ತಾರೆ. ಆ ಕೈಯಲ್ಲಿ ಒಂದು ವಾರ ಭಾರ ಎತ್ತಬಾರದು ಎಂದು ಹೇಳಿ ಕಳಿಸುತ್ತಾರೆ. ಭಾರ ಎಂದರೆ ನಮ್ಮವರಿಗೆ ಅಕ್ಕಿಮುಡಿ ಮಾತ್ರ ನೆನಪಾಗುತ್ತದೆ. ಬಾವಿಯಿಂದ ಒಂದು ಕೊಡ ನೀರು ಸೇದುವುದು, ತೆಂಗಿನಕಾಯಿ ಸುಲಿಯುವುದು, ಕಾಯಿ ತುರಿಯುವುದು, ಸ್ಕೂಟರನ್ನು ಡಬಲ್ ಸ್ಟ್ಯಾಂಡಿಗೆ ಎಳೆಯುವುದು, ಇವೆಲ್ಲ ಭಾರವೇ. ತೊಡೆಯ ನಾಳದಿಂದ ಮಾಡಿದ್ದರೆ ಕುಕ್ಕರುಗಾಲಲ್ಲಿ ಕೂರುವುದೂ ಬೇಡ. ಚುಚ್ಚಿದ ಜಾಗ ಊದಿದರೆ, ಕೈ ತಣ್ಣಗಾಗಿ ಬಣ್ಣ ಬದಲಾದರೆ ಅದೇ ದಿನ ತೋರಿಸಿ.

ಅಡಿಕೆ ಮರ, ತೆಂಗಿನ ಮರ ಹತ್ತುವವರು ಟ್ರೆಡ್‌ಮಿಲ್ ಪರೀಕ್ಷೆ ಆಗುವವರೆಗೆ ಮರದ ಬುಡಕ್ಕೂ ಹೋಗಬೇಡಿ. ವಾಹನ ಓಡಿಸುವುದು, ಕೆಲಸಕ್ಕೆ ಮರಳುವುದು ಹೃದಯ ಎಷ್ಟು ಪೆಟ್ಟು ತಿಂದಿದೆ ಎನ್ನುವುದರ ಮೇಲೆ ಹೋಗುತ್ತದೆ. ಗಂಡ ಹೆಂಡತಿಯ ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ: ಎರಡು ಮಹಡಿ ಮೆಟ್ಟಿಲನ್ನು ಏದುಸಿರು, ಎದೆನೋವು ಇಲ್ಲದೆ ಹತ್ತಿದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಅದಕ್ಕೆಂದು ಸಿಲ್ಡೆನಾಫಿಲ್ ಜಾತಿಯ ಮಾತ್ರೆಯನ್ನು ಗುಟ್ಟಾಗಿ ಕೊಳ್ಳಬೇಡಿ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯ ಜೊತೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಹಂತ 4: ನಡಿಗೆ

ಡಾಕ್ಟರು ಒಪ್ಪಿದ ಮೇಲೆ ಮೊದಲ ವಾರ ಅಂಗಳದಲ್ಲಿ ಐದರಿಂದ ಹತ್ತು ನಿಮಿಷ, ದಿನಕ್ಕೆರಡು ಸಲ. ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಒಂದೂವರೆ ತಿಂಗಳಲ್ಲಿ ಅರ್ಧ ಗಂಟೆಗೆ ತನ್ನಿ. ಗುರಿ ವಾರಕ್ಕೆ 150 ನಿಮಿಷ. ವೇಗದ ಅಳತೆಗೆ ವಾಚ್ ಬೇಡ: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಮಂಗಳೂರಿನ ತೊಂದರೆ ಏರು ರಸ್ತೆ. ಮನೆಯಿಂದ ಹೊರಗೆ ಕಾಲಿಟ್ಟರೆ ಒಂದೋ ಏರು, ಇಲ್ಲವೇ ಇಳಿಜಾರು, ಹಿಂದೆ ಬರುವಾಗ ಅದೂ ಏರೇ. ಮೊದಲ ತಿಂಗಳು ರಿಕ್ಷಾ ಹಿಡಿದಾದರೂ ಸಮತಟ್ಟು ಜಾಗಕ್ಕೆ ಹೋಗಿ: ಮಂಗಳಾ ಸ್ಟೇಡಿಯಂ ಅಥವಾ ಕದ್ರಿ ಪಾರ್ಕ್, ಉಡುಪಿಯವರಿಗೆ ಅಜ್ಜರಕಾಡು. ಮಲ್ಪೆ, ಪಣಂಬೂರಿಗೆ ಹೋಗುವವರು ಒದ್ದೆ ಮರಳಿನ ಮೇಲೆ ನಡೆಯಿರಿ, ಒಣ ಮರಳಲ್ಲಿ ಕಾಲು ಹೂತು ಏದುಸಿರು ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ನಡಿಗೆ ನಿಂತೇ ಹೋಗುತ್ತದೆ, ಅಕ್ಟೋಬರಿಗೆ ಹೊಟ್ಟೆ ಬಂದಿರುತ್ತದೆ. ಜಗಲಿ, ಫ್ಲಾಟಿನ ಕಾರಿಡಾರ್, ಕಾರು ನಿಲ್ಲಿಸುವ ತಳಮಹಡಿ ಎಲ್ಲವೂ ಆಗುತ್ತದೆ. ಊಟವಾದ ಕೂಡಲೇ ಬೇಡ, ಏಪ್ರಿಲ್ ಬಿಸಿಲಲ್ಲಂತೂ ಬೇಡವೇ ಬೇಡ.

ಹಂತ 5: ಅಡುಗೆಮನೆ

ಇಲ್ಲಿ ರೋಗಿಗಿಂತ ಅಡುಗೆ ಮಾಡುವವರ ಜೊತೆ ಮಾತಾಡಬೇಕು. ಅವರಿಗೆ "ಉಪ್ಪು ಕಡಿಮೆ ಮಾಡಿ" ಎಂದರೆ ಪ್ರಯೋಜನವಿಲ್ಲ, ಅಳತೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪ್ಯಾಕೆಟ್ 50 ದಿನವಾದರೂ ಬರಬೇಕು. ಒಡೆದ ತಾರೀಕನ್ನು ಪ್ಯಾಕೆಟಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ನಮ್ಮ ಮನೆಯಲ್ಲಿ ಬರೆದಿಟ್ಟಾಗ ಮೊದಲ ಸಲ ಇಪ್ಪತ್ತೆಂಟನೇ ದಿನಕ್ಕೆ ಮುಗಿದಿತ್ತು, ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅದೂ ಡಬ್ಬದ ಉಪ್ಪು ಮಾತ್ರ. ಕರಾವಳಿಯ ನಿಜವಾದ ಉಪ್ಪು ಭರಣಿಯಲ್ಲಿದೆ: ಮಿಡಿ ಉಪ್ಪಿನಕಾಯಿ, ಉಪ್ಪುನೀರಿಗೆ ಹಾಕಿದ ಮಾವಿನಕಾಯಿ, ಉಪ್ಪುಸೊಳೆ. ಇವಲ್ಲದೆ ಹಪ್ಪಳ, ಸಂಡಿಗೆ, ಒಣಮೀನು, ಒಣ ಸಿಗಡಿ ಚಟ್ನಿ. ಆಟಿ ತಿಂಗಳ ಮಳೆಯಲ್ಲಿ ಗಂಜಿಗೆ ಇವಿಲ್ಲದೆ ಹೇಗೆ ಎನ್ನುತ್ತೀರಿ, ಗೊತ್ತು. ಗಂಜಿಗೆ ಉಪ್ಪು ಹಾಕದೆ ಪಕ್ಕಕ್ಕೆ ಹೆಸರುಕಾಳಿನ ಪಲ್ಯವೋ ತಂಬುಳಿಯೋ ಇಟ್ಟು, ಉಪ್ಪಿನಕಾಯಿ ಬೆರಳ ತುದಿಯಷ್ಟು ಹಾಕಿಕೊಳ್ಳಿ. ಒಣಮೀನು ಹಬ್ಬಕ್ಕೊಮ್ಮೆ.

ಒಂದು ಎಚ್ಚರಿಕೆ: "ಲೋ ಸೋಡಿಯಂ" ಉಪ್ಪು ಈಗ ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ. ರಾಮಿಪ್ರಿಲ್‌ನಂಥ ಮಾತ್ರೆ ನುಂಗುವವರಿಗೆ, ಕಿಡ್ನಿ ಸೋತವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಕೇಳದೆ ಕೊಳ್ಳಬೇಡಿ. ನೋಡಲು ಬಂದವರು ತರುವ ಎಳನೀರಿಗೂ ಇದೇ ಮಾತು. ದಿನಕ್ಕೆ ಮೂರು ಮೂರು ಎಳನೀರು ಕುಡಿಸುವ ಪ್ರೀತಿ ಬೇಡ.

ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರು, ನಾಲ್ಕು ಜನಕ್ಕೆ ಎರಡು ಲೀಟರು. ತೆಂಗಿನೆಣ್ಣೆಯ ಬಗ್ಗೆ ನಮ್ಮಲ್ಲಿ ಮಾತಾಡಿದರೆ ಜಗಳವೇ ಆಗುತ್ತದೆ. "ನಮ್ಮ ಅಜ್ಜ ಅದನ್ನೇ ತಿಂದು ತೊಂಬತ್ತು ಬದುಕಿದರು." ಅಜ್ಜ ಗದ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಉತ್ತಿದರು, ನಾವು ಎಂಟು ಗಂಟೆ ಕೂರುತ್ತೇವೆ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇಕಡಾ 90ರ ಆಸುಪಾಸು ಸ್ಯಾಚುರೇಟೆಡ್ ಕೊಬ್ಬು, ಅದು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ನನ್ನ ಅಭಿಪ್ರಾಯ: ಒಗ್ಗರಣೆಯ ಪರಿಮಳಕ್ಕೆ ಒಂದು ಚಮಚ ಇರಲಿ, ಕಾಯಿಸಿ ಕರಿಯುವುದು ನಿಲ್ಲಲಿ. ಸಂಜೆಯ ಗೋಳಿಬಜೆ, ಬನ್ಸ್ ಹೋದರೆ ಅರ್ಧ ಎಣ್ಣೆ ತಾನಾಗಿಯೇ ಹೋಗುತ್ತದೆ.

ಮೀನು ತಿನ್ನುವವರು ಪುಣ್ಯವಂತರು. ಬೂತಾಯಿ, ಬಂಗುಡೆ ಎರಡೂ ಒಮೇಗಾ-3 ತುಂಬಿದ ಮೀನು, ಅಂಜಲ್ ಮೀನಿಗಿಂತ ಅಗ್ಗವೂ ಹೌದು. ಪುಳಿಮುಂಚಿ ಅಥವಾ ಗಸಿ ಮಾಡಿ ವಾರಕ್ಕೆರಡು ಸಲ ತಿನ್ನಿ. ಅದೇ ಬಂಗುಡೆಯನ್ನು ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಮೀನಿನ ಗುಣ ಎಣ್ಣೆಗೆ ಬಲಿ. ಮೀನು ತಿನ್ನದವರಿಗೆ ಹುರುಳಿ, ಹೆಸರು, ಬಸಳೆ, ಹರಿವೆ ಇದ್ದೇ ಇದೆ.

ಕುಚ್ಚಲಕ್ಕಿ ಒಳ್ಳೆಯದೇ, ಆದರೆ ಅದೂ ಅನ್ನವೇ. ಎರಡು ಸೌಟಿನ ಜಾಗದಲ್ಲಿ ಒಂದು ಸೌಟು, ಖಾಲಿಯಾದ ಜಾಗಕ್ಕೆ ಪಲ್ಯ. ಕೋರಿ ರೊಟ್ಟಿ, ಮದುವೆಯೂಟ, ಬ್ರಹ್ಮಕಲಶದ ಊಟ ಎಲ್ಲದಕ್ಕೂ ಹೋಗಿ, ಎಲೆಗೆ ಎರಡನೇ ಸಲ ಬಡಿಸಲು ಬಂದಾಗ ಕೈ ಅಡ್ಡ ಹಿಡಿಯಿರಿ.

ಹಂತ 6: ಬೀಡಿ, ಸಿಗರೇಟು, ಹೊಗೆಸೊಪ್ಪು

ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಜಿಲ್ಲೆಯಲ್ಲಿ ಲೆಕ್ಕವಿಲ್ಲ, ಹಾಗಾಗಿ ಬೀಡಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸೇದುವುದನ್ನು ಮಾತ್ರ ಇಂದೇ ಬಿಡಬೇಕು. "ದಿನಕ್ಕೆ ಎರಡಕ್ಕೆ ಇಳಿಸಿದ್ದೇನೆ" ಎನ್ನುವುದು ಸ್ಟೆಂಟಿಗೆ ಸಾಲದು. ಬಿಟ್ಟು ಒಂದು ವರ್ಷಕ್ಕೆ, ಸೇದುವವರಿಗೆ ಹೋಲಿಸಿದರೆ ಹೃದಯಾಘಾತದ ಅಪಾಯ ಅರ್ಧದಷ್ಟಾಗುತ್ತದೆ. ಈ ಲಾಭ ಕೊಡುವ ಮಾತ್ರೆ ನನ್ನ ಕಪಾಟಿನಲ್ಲಿಲ್ಲ. ನಿಕೋಟಿನ್ ಗಮ್ ಇದೆ, ಡಾಕ್ಟರನ್ನು ಕೇಳಿ ಕೊಳ್ಳಿ. ಅದನ್ನು ಬಬಲ್‌ಗಮ್‌ನಂತೆ ಅಗಿಯಬಾರದು. ಖಾರ ಬರುವವರೆಗೆ ನಿಧಾನ ಅಗಿದು ಕೆನ್ನೆಯ ಬದಿಗೆ ಇಟ್ಟುಕೊಳ್ಳಬೇಕು. ತಂಬಾಕು ಬಿಡಲು ನೆರವಿನ ಸರಕಾರಿ ಉಚಿತ ಫೋನ್ 1800-11-2356. ಎಲೆಅಡಿಕೆಗೆ ಸೇರಿಸುವ ಹೊಗೆಸೊಪ್ಪೂ ತಂಬಾಕೇ.

ಹಂತ 7: ಮತ್ತೆ ಎದೆ ನೊಂದರೆ

ಆ ರಿಕ್ಷಾದ ಅಣ್ಣ ಮೊದಲ ಸಲ ನನ್ನ ಕೌಂಟರಿಗೆ ಬಂದದ್ದು ಮಾತ್ರೆಗಲ್ಲ. ರಾತ್ರಿ ಒಂಬತ್ತರ ಹೊತ್ತು, ಬಾಗಿಲು ಹಾಕುವ ಗಡಿಬಿಡಿ. "ಗ್ಯಾಸಿಂದು ಎಂತಾದರೂ ಕೊಡಿ, ಎದೆ ಉರೀತದೆ." ಕಾಕಿ ಅಂಗಿ ಬೆನ್ನಿಗೆ ಅಂಟಿತ್ತು. ಮೇ ತಿಂಗಳ ಸೆಕೆ ಎಂದುಕೊಂಡೆ. ಹುಳಿತೇಗಿನ ಪುಡಿಯ ಎರಡು ಪೊಟ್ಟಣ ಕೊಟ್ಟೆ, ಚಿಲ್ಲರೆ ಕೊಟ್ಟೆ, ಶಟರ್ ಎಳೆದೆ. ಹನ್ನೊಂದು ಗಂಟೆಗೆ ಪಾರ್ಕಿನ ಇನ್ನೊಬ್ಬರು ಅವರದ್ದೇ ರಿಕ್ಷಾದಲ್ಲಿ ಅವರನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದರಂತೆ. ಎರಡು ಗಂಟೆ ನನ್ನಿಂದ ಹಾಳಾಯಿತು. ಇವತ್ತಿಗೂ ಬೆವರಿದ ಅಂಗಿ ಕಂಡರೆ ಮೊದಲು ಕೇಳುವುದು, "ಕೈಗೆ, ದವಡೆಗೆ ಹೋಗ್ತದಾ ನೋವು?"

ಎದೆ ನಡುವೆ ಒತ್ತಡ, ಉರಿ, ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು, ತಣ್ಣನೆಯ ಬೆವರು, ವಾಂತಿ: ಇವು ಗ್ಯಾಸ್ ಎಂದು ತೀರ್ಮಾನಿಸುವ ಹಕ್ಕು ಇಸಿಜಿ ನೋಡಿದ ಡಾಕ್ಟರಿಗೆ ಮಾತ್ರ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರು ಕಟ್ಟುವುದು ಆಗಬಹುದು.

ಹೀಗೆ ಮಾಡಿ. ಕೂತುಕೊಳ್ಳಿ, ನಡೆಯಬೇಡಿ. ಡಾಕ್ಟರು ಸಾರ್ಬಿಟ್ರೇಟ್ ಬರೆದಿದ್ದರೆ ಕೂತಲ್ಲೇ ಒಂದನ್ನು ನಾಲಿಗೆಯಡಿ ಇಡಿ, ನಿಂತರೆ ಬಿಪಿ ಇಳಿದು ಬೀಳುತ್ತೀರಿ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108. ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ ಇಲ್ಲದವರಿಗೆ 300 ಮಿ.ಗ್ರಾಂ ಆಸ್ಪಿರಿನ್ ಜಗಿದು ನುಂಗಲು ಹೇಳಬಹುದು, ಫೋನಿನಲ್ಲೇ ಕೇಳಿ. ಸ್ವಂತ ಸ್ಕೂಟರ್ ಬೇಡ, ಸೋಡ ಬೇಡ, ಎದೆಗೆ ಮುಲಾಮು ತಿಕ್ಕುತ್ತ ಕೂರುವುದೂ ಬೇಡ.

ಪೇಟೆಯವರು ಆಂಜಿಯೋಪ್ಲಾಸ್ಟಿ ಇರುವ ಆಸ್ಪತ್ರೆಗೆ ನೇರ ಹೋಗಬಹುದು. ಸುಳ್ಯ, ಬೆಳ್ತಂಗಡಿ, ಹೆಬ್ರಿ ಕಡೆಯ ಹಳ್ಳಿಗಳವರ ಲೆಕ್ಕ ಬೇರೆ. ಸುಳ್ಯದಿಂದ ಮಂಗಳೂರಿಗೆ ಎರಡು ಗಂಟೆಯ ದಾರಿ, ಅಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ತೆಗೆದುಕೊಂಡು ಆಮೇಲೆ ಹೊರಡುವುದೇ ಎಷ್ಟೋ ಸಲ ಸರಿ. ಟೆನೆಕ್ಟೆಪ್ಲೇಸ್ ಎಂಬ ಈ ದುಬಾರಿ ಇಂಜೆಕ್ಷನ್ನನ್ನು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮಂಗಳೂರು ಕೆಎಂಸಿಯ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಯ ಡಾಕ್ಟರುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹೃದ್ರೋಗ ತಜ್ಞರ ಜೊತೆ ಜೋಡಿಸಿದ ಕೆಲಸವೂ ನಮ್ಮಲ್ಲೇ ಶುರುವಾದದ್ದು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ, ಇಂಜೆಕ್ಷನ್ ಇದೆಯೇ ಎಂದು ನೋವು ಬರುವ ಮೊದಲೇ ವಿಚಾರಿಸಿಡಿ. ಮೊದಲ ಇಸಿಜಿ ನಾರ್ಮಲ್ ಬಂದರೂ ಎದ್ದು ಬರಬೇಡಿ, ಕೆಲವು ಗಂಟೆ ಬಿಟ್ಟು ಟ್ರೊಪೊನಿನ್ ರಕ್ತಪರೀಕ್ಷೆ ಮತ್ತೊಮ್ಮೆ ಮಾಡುತ್ತಾರೆ.

ಹಂತ 8: ಗೋಡೆಗೆ ಅಂಟಿಸುವ ಅಂಕಿಗಳು

ಬಿಪಿ: ಬಹುತೇಕರಿಗೆ 130/80ರ ಒಳಗೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕೈ ಎದೆಯ ಮಟ್ಟಕ್ಕಿಟ್ಟು ನೋಡಿ, ಚಾ ಕುಡಿದು ಅರ್ಧ ಗಂಟೆ ಆಗಿರಬೇಕು. ಎಲ್‌ಡಿಎಲ್ 70ರ ಕೆಳಗೆ, ಈಗ ಹಲವು ತಜ್ಞರು 55ರ ಕೆಳಗೆ ಕೇಳುತ್ತಾರೆ. ಲ್ಯಾಬ್ ಚೀಟಿಯಲ್ಲಿ 100ರವರೆಗೆ ನಾರ್ಮಲ್ ಎಂದು ಅಚ್ಚಾಗಿರುವುದು ಸ್ಟೆಂಟ್ ಇಲ್ಲದವರಿಗೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 7ರ ಆಸುಪಾಸು. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80ರ ಒಳಗೆ.

ಅಪ್ಪನಿಗೆ 55 ವರ್ಷದ ಒಳಗೆ, ಅಮ್ಮನಿಗೆ 65ರ ಒಳಗೆ ಹೃದಯದ ಕಾಯಿಲೆ ಆಗಿದ್ದರೆ ಮಕ್ಕಳೂ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಮಾಡಿಸಿಕೊಳ್ಳಬೇಕು, ದುಬೈಯಲ್ಲಿದ್ದರೂ ಸರಿ. ಮನಸ್ಸು ಕುಗ್ಗಿ ನಿದ್ದೆ ಬಾರದೆ, ಯಾರ ಜೊತೆಗೂ ಮಾತು ಬೇಡವಾದರೆ ಅದನ್ನೂ ಡಾಕ್ಟರಿಗೆ ಹೇಳಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹಂತ 9: ಹನ್ನೆರಡನೇ ತಿಂಗಳು

ಸ್ಟೆಂಟ್ ಹಾಕಿದ ತಾರೀಕಿಗೆ ಒಂದು ವರ್ಷ ತುಂಬಿದ ಮಾತ್ರಕ್ಕೆ ನೀವೇ ಎರಡನೇ ಮಾತ್ರೆ (ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್) ನಿಲ್ಲಿಸಬೇಡಿ. ಹೋಗಿ ತೋರಿಸಿ, ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

ಕಳೆದ ಮೇಯಲ್ಲಿ ರಿಕ್ಷಾದ ಅಣ್ಣ ಹಾಗೆ ಬರೆಸಿಕೊಂಡು ಬಂದರು. ಐದು ಸಾಲಿನಲ್ಲಿ ಒಂದಕ್ಕೆ ಗೀಟು ಬಿದ್ದಿತ್ತು.

"ಒಂದು ಕಮ್ಮಿ ಆಯ್ತು ನೋಡಿ."

"ಉಳಿದ ನಾಲ್ಕು?"

"ಕೊಡಿ, ತಿಂಗಳಿಗೆ. ಹೆಸರಿರುವ ಕಡೆ ಕತ್ತರಿ ಹಾಕ್ಬೇಡಿ."